ಮಿಯಾಮಿ ಯೂನಿವರ್ಸಿಟಿಗೆ ಮಗಳನ್ನು ಕಳಿಸಬೇಕಾ? ಮಕ್ಕಳನ್ನು ಅಲ್ಲಿ ಓದಿಸಿದವರು ಹೇಳಿ

ಮಿಷಿಗನ್ ಅಮ್ಮ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮಗಳಿಗೆ ಯೂನಿವರ್ಸಿಟಿ ಆಫ್ ಮಿಯಾಮಿಯಲ್ಲಿ ಸೀಟು ಸಿಕ್ಕಿದೆ, ಸಾಗರ ವಿಜ್ಞಾನಕ್ಕೆ. ಫ್ಲೋರಿಡಾದ ಮಿಯಾಮಿ, ಒಹಾಯೊದ್ದಲ್ಲ. ಸ್ವಲ್ಪ ಸ್ಕಾಲರ್‌ಶಿಪ್ಪೂ ಕೊಟ್ಟಿದ್ದಾರೆ. ಆದರೂ ನಮ್ಮ ರಾಜ್ಯದ ಸರ್ಕಾರಿ ಯೂನಿವರ್ಸಿಟಿಗಿಂತ ಖರ್ಚು ತುಂಬಾ ಜಾಸ್ತಿ. ಅವಳು ಚಿಕ್ಕಂದಿನಿಂದ ಸಮುದ್ರ, ಮೀನು, ಹವಳ ಅಂತಲೇ ಬೆಳೆದವಳು, ಹಾಗಾಗಿ ಮನಸ್ಸಿನಲ್ಲಿ ಆಗಲೇ ಅಲ್ಲಿಗೆ ಹೋಗಿಬಿಟ್ಟಿದ್ದಾಳೆ. ಮೇ 1ರೊಳಗೆ ಹೇಳಬೇಕು.

ನನ್ನ ಚಿಂತೆ ಓದಿನ ಮಟ್ಟದ ಬಗ್ಗೆ ಅಲ್ಲ. ಅಲ್ಲಿನ ದಿನನಿತ್ಯದ ಜೀವನದ ಬಗ್ಗೆ. ವರ್ಷವಿಡೀ ಬಿಸಿಲು, ಹತ್ತಿರದಲ್ಲೇ ಬೀಚು, ರಾತ್ರಿಯೆಲ್ಲ ಎದ್ದಿರುವ ಊರು. ಯಾರನ್ನು ಕೇಳಿದರೂ ಮೊದಲು ಪಾರ್ಟಿ ಅನ್ನುತ್ತಾರೆ. ನನ್ನ ಗಂಡ ಕೇಳುವುದು ಒಂದೇ ಪ್ರಶ್ನೆ, ಇದರ ಮಧ್ಯೆ ಓದುವುದು ಯಾವಾಗ ಅಂತ. ನನಗೆ ಇನ್ನೊಂದು ಭಯ ಇದೆ. ಇವಳು ಸ್ವಲ್ಪ ಮೌನಿ. ಮಾತನಾಡಿಸಿದರೆ ಚೆನ್ನಾಗಿ ಮಾತನಾಡುತ್ತಾಳೆ, ಆದರೆ ತಾನಾಗಿ ಹೋಗಿ ಗುಂಪಿಗೆ ಸೇರುವವಳಲ್ಲ. ದುಬಾರಿ ಬಟ್ಟೆ, ದುಬಾರಿ ಕಾರಿನ ಮಕ್ಕಳ ನಡುವೆ ಒಂಟಿಯಾಗಿಬಿಟ್ಟರೆ? ಚಂಡಮಾರುತ ಬಂದರೆ ಏನು ಮಾಡುವುದು? ಮಕ್ಕಳನ್ನು ಅಲ್ಲಿ ಅಥವಾ ಅಂಥದ್ದೇ ಬೆಚ್ಚನೆ ಊರಿನ ಖಾಸಗಿ ಕಾಲೇಜಿನಲ್ಲಿ ಓದಿಸಿದವರು ನಿಜ ಹೇಳಿ. ಸುಮ್ನೆ ಸಮಾಧಾನದ ಮಾತು ಬೇಡ.

ಅಟ್ಲಾಂಟಾ ಅಪ್ಪ:

ನಮ್ಮ ಮಗ ಅಲ್ಲೇ ಓದಿದ್ದು, ಈಗ ಕೆಲಸದಲ್ಲಿದ್ದಾನೆ. ನೀವು ಕೇಳಿದ ದಿನನಿತ್ಯದ ಬಗ್ಗೆ ನನಗೆ ಗೊತ್ತಿರುವಷ್ಟು ಹೇಳುತ್ತೇನೆ.

ಮೊದಲು ಬೀಚಿನ ವಿಷಯ. ಕ್ಯಾಂಪಸ್ ಇರುವುದು ಕೋರಲ್ ಗೇಬಲ್ಸ್‌ನಲ್ಲಿ. ಅದು ಮನೆ, ಮರಗಳಿರುವ ಶಾಂತ ಊರು. ಕ್ಯಾಂಪಸ್ಸಿಗೆ ಬೀಚು ಅಂಟಿಕೊಂಡಿಲ್ಲ, ಮಧ್ಯದಲ್ಲಿ ಇರುವುದು ಓಸಿಯೋಲಾ ಅನ್ನುವ ಕೆರೆ. ಅದರ ದಡದಲ್ಲಿ ತಾಳೆ ಮರ, ಇಗ್ವಾನಾ, ಹುಲ್ಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತ ಮಕ್ಕಳು. ಮಿಯಾಮಿ ಬೀಚಿಗೆ ಹೋಗಬೇಕೆಂದರೆ ಊರು ದಾಟಿ ಹೋಗಬೇಕು, ಟ್ರಾಫಿಕ್ಕಿನಲ್ಲಿ ಅದು ಅರ್ಧ ದಿನದ ಕೆಲಸ. ಮೊದಲ ತಿಂಗಳು ಎಲ್ಲರೂ ಹೋಗುತ್ತಾರೆ, ಆಮೇಲೆ ಯಾರಾದರೂ ನೆಂಟರು ಬಂದಾಗ ಮಾತ್ರ.

ಆದರೆ ನಿಮ್ಮ ಯಜಮಾನರ ಪ್ರಶ್ನೆಯನ್ನು ತಳ್ಳಿಹಾಕಬೇಡಿ. ನಿಮ್ಮ ಕಡೆ ನವೆಂಬರ್ ಬಂತೆಂದರೆ ಚಳಿಯೇ ಮಕ್ಕಳನ್ನು ಒಳಗೆ ಕೂರಿಸುತ್ತದೆ. ಹೊರಗೆ ಹೋಗಲು ಮನಸ್ಸು ಬರುವುದಿಲ್ಲ, ಲೈಬ್ರರಿ ಬೆಚ್ಚಗಿರುತ್ತದೆ, ಹಾಗೇ ಓದು ನಡೆಯುತ್ತದೆ. ಅಲ್ಲಿ ಆ ಸಹಾಯ ಇಲ್ಲ. ಜನವರಿಯ ಶುಕ್ರವಾರವೂ ಸೆಪ್ಟೆಂಬರಿನ ಶುಕ್ರವಾರದ ಹಾಗೇ ಇರುತ್ತದೆ, ಇನ್ನೂ ಚೆನ್ನಾಗಿಯೇ ಇರುತ್ತದೆ, ಯಾಕೆಂದರೆ ಸೆಕೆ ಇಳಿದಿರುತ್ತದೆ. ಹೊರಗೆ ಎಲ್ಲರೂ ಈಜುಕೊಳದಲ್ಲಿರುವಾಗ ರಸಾಯನಶಾಸ್ತ್ರದ ಲೆಕ್ಕ ಹಿಡಿದು ಕೂರುವುದು ಮಗು ತಾನೇ ಮಾಡಬೇಕಾದ ಕೆಲಸ. ನನ್ನ ಮಗ ಮೊದಲ ಸೆಮಿಸ್ಟರಿನಲ್ಲಿ ಒದ್ದಾಡಿದ. ಎರಡನೆಯದರಲ್ಲಿ ಬೆಳಗ್ಗೆ ಎಂಟಕ್ಕೇ ಕ್ಲಾಸ್ ಹಾಕಿಸಿಕೊಂಡ, ಮಧ್ಯಾಹ್ನದವರೆಗೆ ಲೈಬ್ರರಿ, ಮೂರು ಗಂಟೆ ಮೇಲೆ ಫುಟ್‌ಬಾಲ್. ಆ ಕ್ರಮ ಸಿಕ್ಕಿದ ಮೇಲೆ ಬಿಸಿಲು ಅವನಿಗೆ ಒಳ್ಳೆಯದೇ ಮಾಡಿತು. ದಿನಾ ಹೊರಗೆ ಓಡಾಡಿದ, ರಾತ್ರಿ ಚೆನ್ನಾಗಿ ಮಲಗಿದ. ಚಳಿಗಾಲ ಬಂತೆಂದರೆ ಮಂಕಾಗುತ್ತಿದ್ದ ಹುಡುಗ ಅಲ್ಲಿ ಹಾಗಾಗಲಿಲ್ಲ, ಇದು ನಾವು ಕಣ್ಣಾರೆ ಕಂಡದ್ದು.

ನಿಮ್ಮ ಮಗಳು ಹೈಸ್ಕೂಲಿನಲ್ಲಿ ತನ್ನ ಓದನ್ನು ತಾನೇ ನೋಡಿಕೊಂಡಳಾ, ಅಥವಾ ನೀವು ಹಿಂದೆ ಬಿದ್ದು ಮಾಡಿಸಿದಿರಾ? ನಾನಾದರೆ ಎಲ್ಲಕ್ಕಿಂತ ಮೊದಲು ಅದನ್ನು ನೋಡುತ್ತೇನೆ.

ಟ್ಯಾಂಪಾ ನಿವಾಸಿ:

ಅಟ್ಲಾಂಟಾ ಅಪ್ಪ ಹೇಳಿದ್ದು ಸರಿ, ಆದರೆ ಪಾರ್ಟಿ ವಿಷಯವನ್ನು ಸ್ವಲ್ಪ ಮೆತ್ತಗೆ ಹೇಳಿದ್ದಾರೆ. ಕೋಕನಟ್ ಗ್ರೋವ್ ಕ್ಯಾಂಪಸ್ಸಿಗೆ ಹತ್ತಿರ, ಬಾರುಗಳು ಅಲ್ಲಿವೆ. ಕುಡಿಯಲು 21 ಆಗಿರಬೇಕು ಅನ್ನುವುದು ಎಲ್ಲರಿಗೂ ಗೊತ್ತು. ಮಕ್ಕಳಲ್ಲಿ ಅನೇಕರಿಗೆ ಗೊತ್ತಿಲ್ಲದ್ದು ಏನೆಂದರೆ, ಫ್ಲೋರಿಡಾದಲ್ಲಿ ನಕಲಿ ಡ್ರೈವಿಂಗ್ ಲೈಸೆನ್ಸ್ ಇಟ್ಟುಕೊಳ್ಳುವುದು ಫೆಲೊನಿ, ಅಂದರೆ ಗಂಭೀರ ಅಪರಾಧ. ಸಣ್ಣ ದಂಡ ಕಟ್ಟಿ ಮುಗಿಯುವ ವಿಷಯ ಅಲ್ಲ, ಕಾನೂನಿನಲ್ಲಿ 5 ವರ್ಷದವರೆಗೆ ಜೈಲು ಅಂತಿದೆ. ಇನ್ನೂ ವೀಸಾದಲ್ಲಿರುವ, ಗ್ರೀನ್ ಕಾರ್ಡಿಗೆ ಕಾಯುತ್ತಿರುವ ನಮ್ಮಂಥ ಮನೆಗಳ ಮಕ್ಕಳಿಗೆ ಇದು ಎಂಥ ಪೆಟ್ಟು ಅಂತ ಯೋಚಿಸಿ. "ಎಲ್ಲರ ಹತ್ತಿರವೂ ಇದೆ" ಅಂತ ಮಕ್ಕಳು ಹೇಳುತ್ತಾರೆ. ಇದನ್ನು ಹೊರಡುವ ಮೊದಲೇ, ಬೈಯದೆ, ಕೂತು ಮಾತನಾಡಿ. ಜೊತೆಗೆ ಇನ್ನೊಂದು ಮಾತನ್ನೂ ಹೇಳಿ: ಗೆಳತಿ ಕುಡಿದು ಎಚ್ಚರ ತಪ್ಪಿದರೆ ಹೆದರಿಕೊಂಡು ಮುಚ್ಚಿಡಬಾರದು, ತುರ್ತು ಸಹಾಯದ ನಂಬರ್ 911ಕ್ಕೆ ಕರೆ ಮಾಡಬೇಕು.

ಯಾವುದೇ ಕಾಲೇಜಿನ ನಿಜ ಸ್ಥಿತಿ ತಿಳಿಯಬೇಕಾದರೆ ಅದರ ವಾರ್ಷಿಕ ಸುರಕ್ಷತಾ ವರದಿ ಓದಿ. ಕ್ಯಾಂಪಸ್ಸಿನ ಅಪರಾಧಗಳ ಮಾಹಿತಿಯನ್ನು ಕಾಲೇಜುಗಳು ಬಹಿರಂಗಪಡಿಸಬೇಕು ಅನ್ನುವ ಕ್ಲೆರಿ ಕಾಯ್ದೆ ಪ್ರಕಾರ ಪ್ರತಿ ವರ್ಷ ಅಕ್ಟೋಬರ್ 1ರೊಳಗೆ ಹಾಕಲೇಬೇಕು, ಮೂರು ವರ್ಷದ ಅಂಕಿಗಳಿರುತ್ತವೆ. ಮದ್ಯದ ವಿಷಯದಲ್ಲಿ ಎಷ್ಟು ಮಕ್ಕಳನ್ನು ಶಿಸ್ತು ಕ್ರಮಕ್ಕೆ ಕಳಿಸಿದರು ಅನ್ನುವುದೂ ಅದರಲ್ಲಿದೆ. 2024ರ ಡಿಸೆಂಬರಿನಲ್ಲಿ ಇನ್ನೊಂದು ಕಾನೂನು ಬಂತು. ಹೊಸಬರನ್ನು ಸೇರಿಸಿಕೊಳ್ಳುವ ಹೆಸರಿನಲ್ಲಿ ಹಿಂಸೆ ಕೊಟ್ಟು ಸಿಕ್ಕಿಬಿದ್ದ ಗುಂಪುಗಳ ಹೆಸರನ್ನು ಕಾಲೇಜು ವೆಬ್‌ಸೈಟಿನಲ್ಲಿ ಹಾಕಬೇಕು. ಫ್ರಟರ್ನಿಟಿ (ಹುಡುಗರ ವಿದ್ಯಾರ್ಥಿ ಸಂಘ) ಪಾರ್ಟಿಗೆ ಹೋಗುವ ಮೊದಲು ಆ ಪಟ್ಟಿ ನೋಡಲು ಮಗಳಿಗೆ ಹೇಳಿಕೊಡಿ.

18 ತುಂಬಿದ ಮೇಲೆ ಅವಳ ಅಂಕ, ಆರೋಗ್ಯದ ದಾಖಲೆ ಯಾವುದನ್ನೂ ನೀವು ಕೇಳಿದ ಮಾತ್ರಕ್ಕೆ ಕೊಡುವುದಿಲ್ಲ, ಫೀಸು ಕಟ್ಟುವುದು ನೀವೇ ಆದರೂ. ಆಸ್ಪತ್ರೆ ವಿಷಯಕ್ಕಾದರೂ ಅವಳಿಂದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿ ಇಟ್ಟುಕೊಳ್ಳಿ. ನೀವು ಅಷ್ಟು ದೂರ ಇರುವವರು.

ನ್ಯೂಜರ್ಸಿ ರೂಪಾ:

ಚಂಡಮಾರುತದ ಬಗ್ಗೆ ನಾನು ಹೇಳುತ್ತೇನೆ, 2017ರಲ್ಲಿ ಇರ್ಮಾ ಬಂದಾಗ ನಮ್ಮ ದೊಡ್ಡವಳು ಅಲ್ಲೇ ಇದ್ದಳು.

ಸೀಸನ್ ಜೂನ್ 1ರಿಂದ ನವೆಂಬರ್ 30ರವರೆಗೆ. ಅಂದರೆ ಮೊದಲ ಸೆಮಿಸ್ಟರ್ ಬಹುಪಾಲು ಅದರೊಳಗೇ. ಆ ಯೂನಿವರ್ಸಿಟಿ ಶುರುವಾದದ್ದೇ ಹಾಗೆ. 1926ರ ಸೆಪ್ಟೆಂಬರಿನಲ್ಲಿ ಮಿಯಾಮಿಯನ್ನು ದೊಡ್ಡ ಚಂಡಮಾರುತ ಹೊಡೆದು ಹಾಕಿತು, ಅದಾಗಿ ಕೆಲವೇ ವಾರಕ್ಕೆ ಅಕ್ಟೋಬರಿನಲ್ಲಿ ಮೊದಲ ಕ್ಲಾಸ್ ನಡೆಯಿತು. ಹಾಗಾಗಿ ಅವರಿಗೆ ಇದು ಹೊಸದಲ್ಲ, ಯೋಜನೆ ಇರುತ್ತದೆ, ಮೆಸೇಜು ಬರುತ್ತಲೇ ಇರುತ್ತವೆ. ಇರ್ಮಾ ಸಮಯದಲ್ಲಿ ಮಕ್ಕಳಿಗೆ ಬೇಗ ಹೊರಡಿ ಅಂದರು. ಎರಡು ವಾರಕ್ಕೂ ಜಾಸ್ತಿ ಕ್ಲಾಸ್ ಇರಲಿಲ್ಲ, ಸೆಪ್ಟೆಂಬರ್ 25ಕ್ಕೆ ಮತ್ತೆ ಶುರುವಾಯಿತು. ಕಷ್ಟ ಆದದ್ದು ವಿಮಾನದ ಟಿಕೆಟಿಗೆ. ಇಡೀ ದಕ್ಷಿಣ ಫ್ಲೋರಿಡಾ ಹೊರಡುತ್ತಿತ್ತು, ಅಲ್ವಾ. ಮಗಳು ರೂಮ್‌ಮೇಟ್ ಜೊತೆ ಕಾರಿನಲ್ಲಿ ಜಾರ್ಜಿಯಾದಲ್ಲಿದ್ದ ನಮ್ಮ ಪರಿಚಯದವರ ಮನೆಗೆ ಹೋದಳು. ನಾನು ಇಲ್ಲಿ ಫೋನ್ ಹಿಡಿದು ಕೂತಿದ್ದೆ. ಅವಳು ತಲುಪಿದೆ ಅಂದಮೇಲೆಯೇ ಊಟ ಸೇರಿದ್ದು.

ಈಗಲೇ ಮಾಡಿಟ್ಟುಕೊಳ್ಳಬೇಕಾದದ್ದು ಇಷ್ಟೇ. ಕಾರಿನಲ್ಲಿ ತಲುಪುವ ದೂರದಲ್ಲಿ, ಫ್ಲೋರಿಡಾದ ಉತ್ತರಕ್ಕೋ ಜಾರ್ಜಿಯಾದಲ್ಲೋ ಒಂದು ಮನೆ ಗೊತ್ತು ಮಾಡಿಕೊಳ್ಳಿ. ಅವಳಿಗೆ ಅವರ ನಂಬರ್ ಬಾಯಿಪಾಠ ಇರಲಿ. ಮೊದಲ ಎಚ್ಚರಿಕೆಗೇ ಹೊರಡಲಿ, ಗೆಳೆಯರು ಉಳಿಯುತ್ತಾರೆ ಅಂತ ಕಾಯಬಾರದು. ಈ ಖರ್ಚಿಗೆ ಪ್ರತಿ ವರ್ಷ ಸ್ವಲ್ಪ ಹಣ ಪಕ್ಕಕ್ಕಿಡಿ. ಮಕ್ಕಳ ಓದಿಗೆಂದು ಉಳಿಸುವ 529 ಖಾತೆಯ ಹಣ ಪ್ರಯಾಣಕ್ಕೆ ತೆಗೆದರೆ ಅದನ್ನು ಓದಿನ ಖರ್ಚು ಅಂತ ಒಪ್ಪುವುದಿಲ್ಲ. ಹೆಚ್ಚಿನ ವರ್ಷ ಏನೂ ಆಗುವುದಿಲ್ಲ. ಆದರೆ ಆ ಹಣ ಕೈಯಲ್ಲಿದ್ದರೆ ನಿಮಗೆ ನಿದ್ದೆ ಬರುತ್ತದೆ.

ಹೆಸರು ಬೇಡ:

ಎಲ್ಲರೂ ಜೀವನದ ಬಗ್ಗೆ ಹೇಳಿದರು, ನಾನು ದುಡ್ಡಿನ ಬಗ್ಗೆ ಹೇಳಬೇಕು. ನನ್ನ ಮಗ ಮಿಯಾಮಿಯಲ್ಲಲ್ಲ, ಬೇರೊಂದು ಬಿಸಿಲೂರಿನ ಖಾಸಗಿ ಕಾಲೇಜಿಗೆ ಹೋಗಿ ಎರಡನೇ ವರ್ಷಕ್ಕೆ ವಾಪಸ್ ಬಂದ. ಓದು ಚೆನ್ನಾಗಿಯೇ ಇತ್ತು. ಹಾಸ್ಟೆಲ್ ರೂಮಿನ ಏಸಿ ಕೆಟ್ಟು ಗೋಡೆಗೆಲ್ಲ ಬೂಷ್ಟು ಹಿಡಿಯಿತು, ಮಗುವಿಗೆ ಕೆಮ್ಮು ನಿಲ್ಲಲಿಲ್ಲ, ದೂರು ಕೊಟ್ಟರೆ ಕಿಟಕಿ ತೆಗೆದಿಟ್ಟಿದ್ದು ನೀವೇ ಅಂದರು. ಅಷ್ಟು ಹಣ ತೆಗೆದುಕೊಂಡು ಹೀಗೆ ನಡೆಸಿಕೊಂಡದ್ದು ನನಗೆ ಇನ್ನೂ ನೋವು. ಆದರೆ ಅವನು ಬಿಟ್ಟದ್ದು ಅದಕ್ಕಲ್ಲ. ಪ್ರತಿ ವಾರಾಂತ್ಯ ಗೆಳೆಯರು ಹೊರಗೆ ಊಟ, ದೋಣಿ, ಕನ್ಸರ್ಟ್ ಅಂತ ಹೊರಡುತ್ತಿದ್ದರು. ಇವನು ಮೊದಲು ಜೊತೆಗೆ ಹೋದ, ನಮ್ಮನ್ನು ಹಣ ಕೇಳಲು ನಾಚಿಕೊಂಡ, ಆಮೇಲೆ ಹೋಗುವುದನ್ನೇ ನಿಲ್ಲಿಸಿದ. ಅಲ್ಲಿಂದ ಒಂಟಿಯಾದ.

ಮಿಯಾಮಿಯ ಒಟ್ಟು ಖರ್ಚು ವರ್ಷಕ್ಕೆ 90 ಸಾವಿರ ಡಾಲರ್ ದಾಟಿದೆ. ಸ್ಕಾಲರ್‌ಶಿಪ್ ಕಳೆದು ಉಳಿಯುವುದು ಎಷ್ಟು, ನಾಲ್ಕು ವರ್ಷಕ್ಕೆ ಅದೆಷ್ಟು ಅಂತ ಕಾಗದದ ಮೇಲೆ ಬರೆಯಿರಿ. ಪ್ರತಿ ವರ್ಷ ಫೀಸು ಏರುತ್ತದೆ, ಸ್ಕಾಲರ್‌ಶಿಪ್ ಏರುತ್ತದಾ ಅಂತ ಕೇಳಿ. ಸ್ಕಾಲರ್‌ಶಿಪ್ ಮುಂದುವರಿಯಲು ಎಷ್ಟು ಜಿಪಿಎ (ಸರಾಸರಿ ಅಂಕ) ಉಳಿಸಿಕೊಳ್ಳಬೇಕು ಅಂತಲೂ ಕೇಳಿ. ಸಾಲದ ಲೆಕ್ಕ ಹಾಕಿದ್ದರೆ, 2026ರ ಜುಲೈ 1ರಿಂದ ಪೇರೆಂಟ್ ಪ್ಲಸ್ ಸಾಲಕ್ಕೆ (ಮಕ್ಕಳ ಓದಿಗೆ ಅಪ್ಪ ಅಮ್ಮನಿಗೆ ಕೇಂದ್ರ ಸರ್ಕಾರ ಕೊಡುವ ಸಾಲ) ಹೊಸ ಮಿತಿ ಇದೆ, ಒಂದು ಮಗುವಿಗೆ ವರ್ಷಕ್ಕೆ 20 ಸಾವಿರ, ಒಟ್ಟು 65 ಸಾವಿರ ಡಾಲರ್. ಎಚ್-1ಬಿ ಕೆಲಸದ ವೀಸಾದಲ್ಲಿ ಇರುವ ಅಪ್ಪ ಅಮ್ಮನಿಗೆ ಆ ಸಾಲವೇ ಸಿಗುವುದಿಲ್ಲ, ಗ್ರೀನ್ ಕಾರ್ಡಾದರೂ ಬೇಕು.

ಮಗಳ ಕನಸು ಅಂತ ನಿಮ್ಮ ನಿವೃತ್ತಿಯ ಹಣಕ್ಕೆ ಕೈ ಹಾಕಬೇಡಿ ದಯವಿಟ್ಟು.

ಅಟ್ಲಾಂಟಾ ಅಪ್ಪ:

ಮೇಲಿನವರ ಮಾತು ಮನಸ್ಸಿಗೆ ತಟ್ಟಿತು. ಹಣವಂತ ಮಕ್ಕಳು ಮಿಯಾಮಿಯಲ್ಲೂ ಕಣ್ಣಿಗೆ ಬೀಳುವಷ್ಟು ಇದ್ದಾರೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಅಲ್ಲಿ ಎಲ್ಲದಕ್ಕೂ ಕಾರು ಬೇಕಿಲ್ಲ. ಮೆಟ್ರೋರೈಲಿನ ಯೂನಿವರ್ಸಿಟಿ ನಿಲ್ದಾಣ ಕ್ಯಾಂಪಸ್ಸಿನ ಎದುರಿಗೇ ಇದೆ, ಆರೆಂಜ್ ಲೈನ್ ಹತ್ತಿದರೆ ನೇರ ಏರ್‌ಪೋರ್ಟು. ನನ್ನ ಮಗ ನಾಲ್ಕು ವರ್ಷವೂ ಹಾಗೇ ಓಡಾಡಿದ. ತಿಂಗಳಿಗೆ ಇಷ್ಟೇ ಅಂತ ಮೊದಲೇ ಹೇಳಿ ಕಳಿಸಿದರೆ, ಕೇಳಲು ನಾಚಿಕೊಳ್ಳುವ ಪರಿಸ್ಥಿತಿ ಬರುವುದಿಲ್ಲ.

ಮೌನಿಯ ಅಮ್ಮ:

ನಾನು ಬರೆಯುವುದು ಅಪರೂಪ. ಆದರೆ ನನ್ನ ಮಗಳೂ ಸಾಗರ ವಿಜ್ಞಾನವೇ, ಅಲ್ಲೇ ಮೂರನೇ ವರ್ಷ, ಅವಳೂ ಮೌನಿಯೇ. ಅದಕ್ಕೇ ಬರೆಯುತ್ತಿದ್ದೇನೆ.

ಈ ವಿಭಾಗದ ಮಕ್ಕಳ ಜೀವನ ಬೇರೆ ಥರ. ಇವರ ಶಾಲೆ, ರೋಸೆನ್‌ಸ್ಟೀಲ್ ಅಂತ, ವರ್ಜಿನಿಯಾ ಕೀ ಅನ್ನುವ ದ್ವೀಪದಲ್ಲಿದೆ, ಸಮುದ್ರದ ಅಂಚಿಗೇ. ಅವರ ಹತ್ತಿರ ಸ್ವಂತ ಸಂಶೋಧನಾ ಹಡಗಿದೆ. ಐದನೇ, ಅಂದರೆ ಅತಿ ತೀವ್ರ ದರ್ಜೆಯ ಚಂಡಮಾರುತದ ಗಾಳಿ, ಅಲೆ ಎಬ್ಬಿಸಿ ನೋಡುವ ದೊಡ್ಡ ನೀರಿನ ತೊಟ್ಟಿಯೂ ಇದೆ. ಮೊದಲ ವರ್ಷ ಕ್ಲಾಸುಗಳು ಹೆಚ್ಚಾಗಿ ಕೋರಲ್ ಗೇಬಲ್ಸ್‌ನಲ್ಲೇ, ಲೆಕ್ಕ, ರಸಾಯನಶಾಸ್ತ್ರ, ಜೀವಶಾಸ್ತ್ರ. ಅದು ಕಷ್ಟದ ವರ್ಷ. ಅವಳು ದಿನಾ ಫೋನ್ ಮಾಡುತ್ತಿದ್ದಳು, ಕೆಲವು ದಿನ ಅಳುತ್ತಿದ್ದಳು. ರೂಮ್‌ಮೇಟ್ ರಾತ್ರಿ ಎರಡಕ್ಕೆ ಬರುತ್ತಿದ್ದಳು, ಇವಳಿಗೆ ನಿದ್ದೆ ಇಲ್ಲ. ಆಮೇಲೆ ಒಂದು ಲ್ಯಾಬಿನಲ್ಲಿ ಸಣ್ಣ ಕೆಲಸ ಕೇಳಿ ಪಡೆದಳು. ಹವಳದ ತುಂಡುಗಳನ್ನು ಅಳೆಯುವುದು, ತೊಟ್ಟಿ ತೊಳೆಯುವುದು. ಅಲ್ಲಿ ಇವಳ ಥರದವರೇ ಸಿಕ್ಕರು. ಶನಿವಾರ ಬೆಳಗ್ಗೆ ಆರಕ್ಕೆ ಎದ್ದು ಡೈವಿಂಗಿಗೆ ಹೋಗುವವರು ಶುಕ್ರವಾರ ರಾತ್ರಿ ಪಾರ್ಟಿಗೆ ಹೋಗುವುದು ಕಡಿಮೆ. ಆ ಗುಂಪಿನಲ್ಲಿ ಬಟ್ಟೆ, ಕಾರು ಯಾರೂ ನೋಡುವುದಿಲ್ಲ, ಎಲ್ಲರ ತಲೆಯೂ ಉಪ್ಪುನೀರಿನಲ್ಲಿ ಒದ್ದೆ.

ನನ್ನ ಸಲಹೆ, ಮೊದಲ ತಿಂಗಳಲ್ಲೇ ಪ್ರೊಫೆಸರುಗಳಿಗೆ ಈಮೇಲ್ ಬರೆಯಲಿ. ಉತ್ತರ ಬರದಿದ್ದರೆ ಇನ್ನೊಬ್ಬರಿಗೆ. ನೀವು ಬರೆದುಕೊಡಬೇಡಿ, ಅವಳೇ ಬರೆಯಲಿ. ಆಗಸ್ಟಿನಲ್ಲಿ ಬಿಡಲು ಹೋದಾಗ ಸೆಕೆ, ಮಳೆ ನೋಡಿ ನಿಮಗೇ ಅಳು ಬರಬಹುದು. ಅದು ಅಕ್ಟೋಬರ್ ಕೊನೆಗೆ ಇಳಿಯುತ್ತದೆ.

ಮಿಷಿಗನ್ ಅಮ್ಮ:

ಎಲ್ಲರಿಗೂ ಮನಸಾರೆ ವಂದನೆ. ನಿನ್ನೆ ರಾತ್ರಿ ಮೂವರೂ ಕೂತು ಇದನ್ನೆಲ್ಲ ಓದಿದೆವು. ನಕಲಿ ಲೈಸೆನ್ಸಿನ ವಿಷಯ ಮಗಳಿಗೆ ಗೊತ್ತೇ ಇರಲಿಲ್ಲ. "ಹೆಸರು ಬೇಡ" ಅವರ ಮಗನ ಮಾತು ಓದಿ ಅವಳು ತುಂಬಾ ಹೊತ್ತು ಸುಮ್ಮನಿದ್ದಳು, ಆಮೇಲೆ ತಾನೇ ತಿಂಗಳ ಖರ್ಚಿನ ಪಟ್ಟಿ ಬರೆದಳು.

ನಾಲ್ಕು ವರ್ಷದ ಲೆಕ್ಕ ಹಾಕಿದೆವು. ಈಗಿನ ಸ್ಕಾಲರ್‌ಶಿಪ್ಪಿನಲ್ಲಿ ನಮಗೆ ಆಗುವುದಿಲ್ಲ, ಇದನ್ನು ಅವಳಿಗೂ ಹೇಳಿದ್ದೇವೆ. ಸೋಮವಾರ ಫೈನಾನ್ಶಿಯಲ್ ಏಡ್ ಆಫೀಸಿಗೆ ಮರುಪರಿಶೀಲನೆಗೆ ಬರೆಯುತ್ತೇವೆ, ಇವರ ಕೆಲಸದಲ್ಲಿ ಈ ವರ್ಷ ಆದ ಬದಲಾವಣೆಯ ಕಾಗದ ಜೊತೆಗಿಟ್ಟು. ಹಣ ಸ್ವಲ್ಪ ಹೆಚ್ಚಾದರೆ ವಾರದ ಮಧ್ಯೆ, ಟೂರ್ ಇಲ್ಲದ ದಿನ, ಅವಳೂ ನಾನೂ ಹೋಗಿ ವರ್ಜಿನಿಯಾ ಕೀ ನೋಡಿ ಬರುತ್ತೇವೆ. ಹೆಚ್ಚಾಗದಿದ್ದರೆ ಇಲ್ಲಿನ ಯೂನಿವರ್ಸಿಟಿಯಲ್ಲಿ ಜೀವಶಾಸ್ತ್ರ ಓದಿ, ಸಾಗರ ವಿಜ್ಞಾನವನ್ನು ಮಾಸ್ಟರ್ಸಿಗೆ ಮಾಡುವುದು ಅಂತ ಮಾತಾಗಿದೆ. ಅವಳು ಅತ್ತಳು, ಆದರೆ ಒಪ್ಪಿದಳು.

ಮೌನಿಯ ಅಮ್ಮ, ನಿಮ್ಮ ಮಗಳು ನನ್ನ ಮಗಳ ಜೊತೆ ಒಮ್ಮೆ ಫೋನಿನಲ್ಲಿ ಮಾತನಾಡಬಹುದಾ? ಒಪ್ಪಿದರೆ ನನಗೆ ಖಾಸಗಿಯಾಗಿ ಮೆಸೇಜ್ ಮಾಡಿ.