ಅಪ್‌ಡೇಟ್: ಆಂಪ್ಲಿಫೈಯರ್‌ನ ಗುಂಯ್ ಸದ್ದು ನಿಂತಿತು

ಹಳೆಯ ಸ್ಟೀರಿಯೊ ಆಂಪ್ಲಿಫೈಯರ್‌ನ ಫಿಲ್ಟರ್ ಕೆಪಾಸಿಟರ್‌ಗಳನ್ನೂ (ಒಳಗಿನ ವಿದ್ಯುತ್ತಿನ ಏರಿಳಿತ ತಗ್ಗಿಸುವ ಬಿಡಿಭಾಗಗಳು) ಹಿಂಬದಿಯ ಆರ್‌ಸಿಎ ಸಾಕೆಟ್‌ಗಳನ್ನೂ (ಆಡಿಯೊ ಕೇಬಲ್ ಸಿಕ್ಕಿಸುವ ಜಾಗ) ಬದಲಾಯಿಸಿದ ಮೇಲೆ ಸ್ಪೀಕರ್‌ಗಳಲ್ಲಿ ಗುಂಯ್ ಎಂಬ ಸದ್ದು ಏಕೆ ಬರುತ್ತಿದೆ ಎಂದು ಕೇಳಿದ್ದೆ. ಕಾರಣ ಸಿಕ್ಕಿದೆ.

ನನ್ನ ಅನುಮಾನವೆಲ್ಲ ಕೆಪಾಸಿಟರ್‌ಗಳ ಮೇಲೆಯೇ ಇತ್ತು. ಮೊದಲು ಸದ್ದಿನ ಆವರ್ತನ ನೋಡಿ ಎಂದು ಒಬ್ಬರು ಹೇಳಿದ್ದರು. ಆ ಮಾತೇ ದಾರಿ ತೋರಿಸಿತು. ಮನೆಯ ಎಸಿ ವಿದ್ಯುತ್ತನ್ನು ಡಿಸಿ ಮಾಡುವ ಫುಲ್ ವೇವ್ ರೆಕ್ಟಿಫೈಯರ್‌ನ ರಿಪಲ್ (ಉಳಿದ ಏರಿಳಿತ) ಮೇನ್ಸ್ ಆವರ್ತನದ ಎರಡರಷ್ಟಿರುತ್ತದೆ, ಅಂದರೆ 50 ಹರ್ಟ್ಸ್ ವಿದ್ಯುತ್ತಿಗೆ 100 ಹರ್ಟ್ಸ್. ಈ ರಿಪಲ್ ತಗ್ಗಿಸುವುದೇ ಕೆಪಾಸಿಟರ್‌ಗಳ ಕೆಲಸ, ಹಾಗಾಗಿ ತಪ್ಪು ಅವುಗಳದ್ದಾದರೆ 100 ಕಾಣಬೇಕಿತ್ತು. ವೂಫರ್ (ತಗ್ಗು ಸ್ವರದ ಸ್ಪೀಕರ್) ಬಳಿ ಮೊಬೈಲ್ ಹಿಡಿದು ಆವರ್ತನ ಅಳೆದು ನೋಡಿದರೆ ಎದ್ದು ನಿಂತದ್ದು 50! ಹಾಗಾದರೆ ಗ್ರೌಂಡ್ ಲೂಪ್ (ಗ್ರೌಂಡ್ ಒಂದಕ್ಕಿಂತ ಹೆಚ್ಚು ಕಡೆ ಸೇರಿ ಆಗುವ ಸುತ್ತು) ಇರಬೇಕು ಎಂದುಕೊಂಡು ಮುಚ್ಚಳ ತೆಗೆದೆ. ಹೊಸ ಸಾಕೆಟ್‌ಗಳ ಲೋಹದ ಭಾಗ ನೇರವಾಗಿ ಚಾಸಿಗೆ (ಆಂಪ್ಲಿಫೈಯರ್‌ನ ಲೋಹದ ಪೆಟ್ಟಿಗೆಗೆ) ತಾಗುತ್ತಿತ್ತು. ಹಳೆಯವುಗಳಲ್ಲಿದ್ದ ಪ್ಲಾಸ್ಟಿಕ್ ವಾಷರ್‌ಗಳನ್ನು ನಾನು ಹಾಕಿರಲೇ ಇಲ್ಲ. ಸಿಗ್ನಲ್ ಗ್ರೌಂಡ್ ಎರಡು ಕಡೆ ಚಾಸಿಗೆ ಸೇರಿ ಲೂಪ್ ಆಗಿತ್ತು.

ವಾಷರ್ ಹಾಕಿದೆ, ಸಾಕೆಟ್ ಚಾಸಿಗೆ ತಾಗುತ್ತಿಲ್ಲವೆಂದು ಮಲ್ಟಿಮೀಟರ್‌ನಲ್ಲಿ ಪರೀಕ್ಷಿಸಿದೆ, ಸದ್ದು ಪೂರ್ತಿ ಹೋಯಿತು. ಪ್ಲಗ್‌ನ ಅರ್ಥ್ ತಂತಿಯನ್ನೇ ಬಿಚ್ಚಿಬಿಡಿ ಎಂಬ ಸಲಹೆಯನ್ನು ಮಾತ್ರ ನಾನು ಪಾಲಿಸಲಿಲ್ಲ, ದಯವಿಟ್ಟು ಯಾರೂ ಪಾಲಿಸಬೇಡಿ. ಅದು ಜೀವ ಕಾಯುವ ತಂತಿ.

ನಿನ್ನೆ ರಾತ್ರಿ ತಂಬೂರಿಯ ಶ್ರುತಿಯೊಂದನ್ನೇ ಬಹಳ ಹೊತ್ತು ಕೇಳುತ್ತಾ ಕುಳಿತಿದ್ದೆ. ಸಹಾಯ ಮಾಡಿದ ಎಲ್ಲರಿಗೂ ಕೃತಜ್ಞತೆಗಳು.