ಪದ ಬೇಕು (ತುರ್ತು): ಸಮೀಕರಣದಲ್ಲಿ ಛೇದ ‘ತೆಗೆಯುವುದು’

ಚಿಂತಾಮಣಿಯಿಂದ:

ಎಲ್ಲರಿಗೂ ನಮಸ್ಕಾರ. ಎಂಟನೇ ತರಗತಿಯ ಗೋಡೆಗೆ ಬೀಜಗಣಿತದ ಚಾರ್ಟು ಕನ್ನಡದಲ್ಲಿ ಮಾಡುತ್ತಿದ್ದೇನೆ. ‘ಕ್ಲಿಯರಿಂಗ್ ಫ್ರಾಕ್ಷನ್ಸ್’ (ಎರಡೂ ಬದಿಯನ್ನು ಗುಣಿಸಿ ಸಮೀಕರಣದಲ್ಲಿ ಭಿನ್ನರಾಶಿ ಇಲ್ಲದಂತೆ ಮಾಡುವುದು) ಅನ್ನುವ ತಲೆಬರಹದಲ್ಲಿ ಸಿಕ್ಕಿಕೊಂಡೆ. ನಾಳೆ ಹನ್ನೊಂದಕ್ಕೆ ಫ್ಲೆಕ್ಸ್ ಅಂಗಡಿಗೆ ಕೊಡಬೇಕು.

ಮೊದಲು ‘ಭಿನ್ನರಾಶಿ ತೆಗೆದುಹಾಕಿ’ ಎಂದು ಬರೆದು ಮಕ್ಕಳಿಗೆ ಯ/3 + ಯ/4 = 7 ಕೊಟ್ಟೆ. ಒಬ್ಬ 3, 4 ಎರಡನ್ನೂ ರಬ್ಬರಿನಲ್ಲಿ ಅಳಿಸಿಬಿಟ್ಟ. ತೆಗೆದುಹಾಕಿ ಅಂದಿರಲ್ಲ ಸಾರ್! ಇನ್ನೊಬ್ಬಳು ಎಡಗಡೆಯನ್ನು 12ರಿಂದ ಗುಣಿಸಿ ಬಲಗಡೆಯ 7 ಮುಟ್ಟಲಿಲ್ಲ. 7ಯ = 7, ಯ = 1. ಬರಬೇಕಾದ್ದು 7ಯ = 84, ಯ = 12. ಕೇಳಿದರೆ, ‘ಭಿನ್ನರಾಶಿ ಇರೋದು ಎಡಗಡೆ ಮಾತ್ರ ತಾನೇ?’ ಅವಳದೇನೂ ತಪ್ಪಿಲ್ಲ, ನನ್ನ ಮಾತೇ ಹಾಗಿತ್ತು.

ಇನ್ನೊಂದು: ಇಲ್ಲಿ ಎಷ್ಟೋ ಮನೆಗಳಲ್ಲಿ ತೆಲುಗು. ಗಡಿಯಾಚೆ ಓದಿದ ಅಪ್ಪ ಅಮ್ಮಂದಿರು ಛೇದಕ್ಕೆ (ಭಿನ್ನರಾಶಿಯ ಕೆಳಗಿನ ಸಂಖ್ಯೆ) ‘ಹಾರಂ’, ಲ.ಸಾ.ಅ.ಕ್ಕೆ (ಲಘುತಮ ಸಾಮಾನ್ಯ ಅಪವರ್ತ್ಯ, ಇಲ್ಲಿ 12) ‘ಕ.ಸಾ.ಗು.’ ಎಂದೇ ಹೇಳಿಕೊಡುತ್ತಾರೆ. ನಮ್ಮ ಹುಡುಗರಿಗೆ ಹಾರ ಎಂದರೆ ಸೇವಂತಿಗೆ ಹಾರ.

ತುಮಕೂರಿನಿಂದ:

ಪದ ಹುಟ್ಟಿಸುವ ಅಗತ್ಯವೇ ಇಲ್ಲ. ‘ಛೇದಗಮ.’ 12ನೇ ಶತಮಾನದ ಭಾಸ್ಕರಾಚಾರ್ಯರ ಬೀಜಗಣಿತದಲ್ಲೇ ಇದೆ: ಮೊದಲು ಸಮಚ್ಛೇದ, ಆಮೇಲೆ ಛೇದಗಮ. ಸಮಚ್ಛೇದ ಮಾಡಿದಾಗ ಛೇದ ಒಂದೇ ಆಗುತ್ತದೆ, ಆದರೆ ಕೆಳಗೇ ಕೂತಿರುತ್ತದೆ. ಗಮ ಎಂದರೆ ಹೋಗುವುದು. ಎರಡೂ ಪಕ್ಷವನ್ನು ಗುಣಿಸಿದರೆ ಅದು ತಾನಾಗಿ ಹೋಗುತ್ತದೆ, ಯಾರೂ ತೆಗೆಯುವುದಿಲ್ಲ. ನಿಮ್ಮ ರಬ್ಬರಿನ ಹುಡುಗನಿಗೆ ಉತ್ತರ ಆ ಪದದಲ್ಲೇ ಇದೆ.

ಕೋಲಾರದಿಂದ:

ಮತ್ತೆ ಸಂಸ್ಕ್ರುತ. ಕಾಲು, ಅರೆ, ಮುಕ್ಕಾಲು, ವೀಸ ಎಂದು ಲೆಕ್ಕ ಇಟ್ಟ ಊರಿನವರಿಗೆ ‘ಚೇದಗಮ’ ಯಾಕೆ? ‘ಪಾಲು ಬಿಡಿಸು’ ಎನ್ನಿ, ಮುಗಿಯಿತು. ಮಕ್ಕಳ ಬಾಯಲ್ಲಿ ಹೊರಡದ ಮಹಾಪ್ರಾಣವನ್ನು ಗೋಡೆಗೆ ಯಾಕೆ ಮೆತ್ತುತ್ತೀರಿ?

ತುಮಕೂರಿನಿಂದ:

ಮಹಾಪ್ರಾಣ ಬಿಟ್ಟರೆ ಮಲ್ಲಿಗೆಯ ಘಮವೂ ಗಮವೇ. ಇರಲಿ. ಪಾಲು ಎಂದರೆ ಇಡೀ ಭಿನ್ನರಾಶಿಯೋ, ಅಂಶವೋ, ಛೇದವೋ? ‘ಗುಣಿಸು’ ಯಾವ ಭಾಷೆಯದು? ಅಮೋಘವರ್ಷನ ಕಾಲದ ಮಹಾವೀರಾಚಾರ್ಯರು ಕನ್ನಡನಾಡಿನಲ್ಲಿ ಕೂತು ಲ.ಸಾ.ಅ.ಕ್ಕೆ ‘ನಿರುದ್ಧ’ ಎಂದರು. ಅವರಿಗೇನು ಕನ್ನಡ ಬರುತ್ತಿರಲಿಲ್ಲವೆ?

ಕೋಲಾರದಿಂದ:

ಅವರು ಬರೆದದ್ದೇ ಸಂಸ್ಕ್ರುತದಲ್ಲಿ. ಕನ್ನಡದಲ್ಲಿ ಲೆಕ್ಕ ಬರೆದ ರಾಜಾದಿತ್ಯನ ಹೆಸರು ನಿಮ್ಮ ಬಾಯಲ್ಲಿ ಬರುವುದಿಲ್ಲ.

ಗೌರಿಬಿದನೂರಿನಿಂದ:

ಇಬ್ಬರೂ ಸ್ವಲ್ಪ ತಣ್ಣಗಾಗಿ. ಭಿನ್ನ ಎಂದರೆ ಒಡೆದದ್ದು. ‘ಆಲ್ಜೀಬ್ರಾ’ ಅರಬ್ಬಿಯ ‘ಅಲ್-ಜಬ್ರ್’, ಮುರಿದದ್ದನ್ನು ಕೂಡಿಸುವುದು. ಸ್ಪೇನಿನಲ್ಲಿ ಮೂಳೆ ಕೂಡಿಸುವವನಿಗೂ ‘ಆಲ್ಜೆಬ್ರಿಸ್ತ’ ಎನ್ನುತ್ತಿದ್ದರು. ನಮ್ಮ ಕಡೆ ಕೈಮುರಿದರೆ ಪುತ್ತೂರು ಕಟ್ಟು ಕಟ್ಟಿಸುತ್ತೇವಲ್ಲ, ಅದೇ ಕೆಲಸ. ‘ತೆಗೆ’, ‘ಹೋಗು’ ಬಿಟ್ಟು ‘ಕೂಡಿಸು’ ಎಂಬ ದಿಕ್ಕಿನಲ್ಲಿ ಯೋಚಿಸಬಾರದೇಕೆ? (ಕೂಡಿಸು ಎಂದರೆ ಸಂಕಲನ, ಗೊತ್ತು. ಬೈಯಬೇಡಿ.)

‘ಬಿಡಿಸು’ವಿಗೆ ನನ್ನ ತಕರಾರಿದೆ. ಲೆಕ್ಕವನ್ನೂ ಬಿಡಿಸು, ಛೇದವನ್ನೂ ಬಿಡಿಸು, ಮನೆಗೆ ಹೋದರೆ ಅವರೆಕಾಯಿ ಬಿಡಿಸು. ‘ಛೇದ ನಿವಾರಣೆ’ಯೂ ಬೇಡ, ಒಂಬತ್ತನೇ ತರಗತಿಗೆ ಬಂದಾಗ ಛೇದದ ಅಕರಣೀಕರಣದ (ಛೇದದಲ್ಲಿ ವರ್ಗಮೂಲ ಉಳಿಯದಂತೆ ಮಾಡುವುದು) ಜೊತೆ ಕಲಸಿಹೋಗುತ್ತದೆ.

ಯಾವ ಪದವಾದರೂ ಸರಿ, ಪಕ್ಕದಲ್ಲಿ ‘ಸಮೀಕರಣಕ್ಕೆ ಮಾತ್ರ’ ಎಂದು ಹಾಕಿ. ಬರೀ ಯ/3 + ಯ/4 ಎಂಬ ಬೀಜೋಕ್ತಿ ಕೊಟ್ಟರೂ 12ರಿಂದ ಗುಣಿಸಿ 7ಯ ಎಂದು ಬರೆದು ಬರುತ್ತಾರೆ. ಅಲ್ಲಿ ಉತ್ತರ 7ಯ/12. ಸಮ ಚಿಹ್ನೆ ಇಲ್ಲದಿದ್ದರೆ ಛೇದ ಎಲ್ಲಿಗೂ ಹೋಗುವುದಿಲ್ಲ. ಕಾಪಿ ತಿದ್ದಿ ತಿದ್ದಿ ಸಾಕಾಗಿದೆ.

ತುಮಕೂರಿನಿಂದ:

ಪುತ್ತೂರು ಕಟ್ಟಿಗೂ ಪದಚರ್ಚೆಗೂ ಸಂಬಂಧವಿಲ್ಲ. ಅಲ್-ಜಬ್ರ್ ಅಂದರೆ ಕಳೆದದ್ದನ್ನು ಆಚೆಗೆ ಕೂಡಿಸಿ ತುಂಬುವುದು, ಛೇದದ ಮಾತೇ ಅಲ್ಲ. ಬೀಜೋಕ್ತಿಯ ಮಾತು ಒಪ್ಪಿದೆ.

ಚಿಂತಾಮಣಿಯಿಂದ:

ಉಪಕಾರವಾಯಿತು. ತಲೆಬರಹ ‘ಛೇದ ಬಿಡಿಸುವುದು (ಸಮೀಕರಣಕ್ಕೆ ಮಾತ್ರ)’. ಅವರೆಕಾಯಿ ಮಕ್ಕಳಿಗೆ ಗೊತ್ತಿರುವ ಕೆಲಸ, ತೊಂದರೆಯಿಲ್ಲ. ಛೇದಗಮ ಮೂಲೆಯಲ್ಲಿ ಸಣ್ಣಕ್ಷರದಲ್ಲಿದೆ, ತುಮಕೂರಿನವರು ಮುನಿಸಿಕೊಳ್ಳಬಾರದು. ಕೆಳಗೆ ದಪ್ಪಕ್ಷರದಲ್ಲಿ: ‘ಎರಡೂ ಬದಿಯ ಪ್ರತಿ ಪದವನ್ನೂ ಲ.ಸಾ.ಅ.ದಿಂದ ಗುಣಿಸಿ. ಆ 7ನ್ನೂ.’ ಕೊನೆಯ ಮಾತು ಯ = 1 ತಂದ ಹುಡುಗಿಯೇ ಹಾಕಿಸಿದ್ದು.

ಅಂಗಡಿಯ ಹುಡುಗ ಪ್ರೂಫಿನಲ್ಲಿ ‘ಚೇದ’ ಎಂದು ಹೊಡೆದಿದ್ದಾನೆ. ಕೋಲಾರದವರು ಅವನಿಗೇನೂ ಫೋನ್ ಮಾಡಿಲ್ಲ ತಾನೇ? ತಿದ್ದಿಸಲು ಹೊರಟಿದ್ದೇನೆ.