ನಮ್ಮ ಮಕ್ಕಳಿಗೆ ಇಲ್ಲಿ ಅಜ್ಜಿಯರು ಸಿಕ್ಕಿದ್ದು ಕ್ವಿಲ್ಟ್ ಗಿಲ್ಡ್‌ನಲ್ಲಿ

ಎಲ್ಲರಿಗೂ ನಮಸ್ಕಾರ. ಕಳೆದ ವಾರ ಅಮೆರಿಕದ ನೆಬ್ರಾಸ್ಕ ರಾಜ್ಯದ ಲಿಂಕನ್‌ನಲ್ಲಿರುವ ನಮ್ಮ ಕನ್ನಡಿಗರ ಗುಂಪಿನಲ್ಲಿ ಒಬ್ಬರು ಕೇಳಿದ್ದರು: "ಲಿಂಕನ್‌ಗೆ ಬಂದು ಎಂಟು ತಿಂಗಳಾಯಿತು. ಕನ್ನಡದವರನ್ನು ಬಿಟ್ಟರೆ ಬೇರೆ ಯಾರ ಮನೆಗೂ ಹೋಗಿಲ್ಲ. ಮಕ್ಕಳಿಗೆ ಅಜ್ಜಿ ಅಂದ್ರೆ ವಾಟ್ಸಾಪ್ ವಿಡಿಯೋ ಅಷ್ಟೇ. ಏನು ಮಾಡೋದು?" ಬಂದ ಉತ್ತರಗಳನ್ನೆಲ್ಲ ಓದಿದೆ. ಈಜು, ಸಾಕರ್, ಲೈಬ್ರರಿ, ಎಲ್ಲಾ ಒಳ್ಳೆಯದೇ. ಆದರೆ ಅಲ್ಲೆಲ್ಲ ಮಕ್ಕಳಿಗೆ ಸಿಗುವುದು ಅವರದೇ ವಯಸ್ಸಿನವರು. ನಮಗೆ ಸಿಗುವುದು ನಮ್ಮಷ್ಟೇ ಗಡಿಬಿಡಿಯಲ್ಲಿರುವ ಅಪ್ಪ-ಅಮ್ಮಂದಿರು. ವಯಸ್ಸಾದವರ ಪಕ್ಕದಲ್ಲಿ ಎರಡು ತಾಸು ಕೂರುವ ಜಾಗ ಯಾವುದು ಅಂತ ಯಾರೂ ಬರೆಯಲಿಲ್ಲ. ನಮಗೆ ಅದು ಸಿಕ್ಕಿದ್ದು ಊರಿನ ಕ್ವಿಲ್ಟ್ ಗಿಲ್ಡ್‌ನಲ್ಲಿ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಕ್ವಿಲ್ಟ್ ಅಂದರೆ ನಮ್ಮ ಕೌದಿಯ ತಂಗಿ ಅಂದುಕೊಳ್ಳಿ, ಬಟ್ಟೆಯ ತುಂಡುಗಳನ್ನು ಪದರ ಪದರವಾಗಿ ಸೇರಿಸಿ ಹೊಲಿದ ಹೊದಿಕೆ. ಗಿಲ್ಡ್ ಅಂದರೆ ಅದನ್ನು ಹೊಲಿಯುವವರ ಸಂಘ. ಅಮೆರಿಕದಲ್ಲಿ ಎಷ್ಟೋ ಸಣ್ಣ ಊರುಗಳಲ್ಲೂ ಒಂದು ಇರುತ್ತದೆ. ನಾವಿರುವ ನೆಬ್ರಾಸ್ಕದಲ್ಲಂತೂ ಚಳಿ ಜಾಸ್ತಿ, ಹೊಲಿಯುವವರೂ ಜಾಸ್ತಿ.

ನಾನು ಅಲ್ಲಿಗೆ ಹೋಗಿದ್ದು ಅಳುತ್ತಾ. ನಾಲ್ಕು ವರ್ಷದ ಹಿಂದಿನ ಮಾತು. ಧಾರವಾಡದ ಕಡೆ ನಮ್ಮ ಹಳ್ಳಿಯಲ್ಲಿ ನನ್ನ ಅಜ್ಜಿ ಹೊಲಿದ ಒಂದು ಕೌದಿ ಇತ್ತು. 23 ಕಿಲೋ ಸೂಟ್‌ಕೇಸಿನಲ್ಲಿ ಅದೊಂದಕ್ಕೇ ನಾಲ್ಕು ಕಿಲೋ ಕೊಟ್ಟು ಇಲ್ಲಿಗೆ ತಂದಿದ್ದೆ. ಒಳಗೆ ಹಳೇ ಧೋತರ, ಮೇಲೆ ಇಳಕಲ್ ಸೀರೆಯ ತುಂಡುಗಳು, ನಡುನಡುವೆ ಗುಳೇದಗುಡ್ಡ ಖಣದ ಚೌಕ. ಮಗ ಅದರ ಮೇಲೆ ಹಾಲು ಚೆಲ್ಲಿದ. ನಾನು ದೊಡ್ಡ ವಾಷಿಂಗ್ ಮಷಿನ್‌ಗೆ ಹಾಕಿಬಿಟ್ಟೆ. ತೆಗೆದಾಗ ಏಳು ಕಡೆ ಖಣ ಹರಿದು ದಾರ ಜೋತಾಡುತ್ತಿತ್ತು. ಅಜ್ಜಿ ಹೋಗಿ ಆಗ ಒಂದು ವರ್ಷವೂ ಆಗಿರಲಿಲ್ಲ.

ಪಕ್ಕದ ಮನೆಯಾಕೆ ನೋಡಿ, "ಸೋಮವಾರ ನನ್ನ ಜೊತೆ ಬಾ" ಅಂದರು. ಒಂದು ಚರ್ಚಿನ ಸಭಾಂಗಣ. ಐವತ್ತು ಅರವತ್ತು ಜನ, ಹೆಚ್ಚಿನವರು ಅರವತ್ತು ದಾಟಿದವರು. ಎಂಬತ್ತೆರಡು ವರ್ಷದ ಒಬ್ಬ ಅಜ್ಜಿ ಎದ್ದು ಹೋಗಿ ಕೈ ತೊಳೆದುಕೊಂಡು ಬಂದರು. ಮೇಜಿನ ಮೇಲೆ ಬಿಳಿ ಹೊದಿಕೆ ಹಾಸಿ ಕೌದಿ ಬಿಡಿಸಿದರು. ಮೇಲ್ಭಾಗ ನೋಡಲೇ ಇಲ್ಲ, ಮೊದಲು ತಿರುಗಿಸಿ ಬೆನ್ನು ನೋಡಿದರು. ಹೊಲಿಗೆಯ ಸಾಲಿನ ಮೇಲೆ ಬೆರಳಾಡಿಸುತ್ತಾ ಅಂಚಿನಿಂದ ಶುರುಮಾಡಿ, ಸುತ್ತು ಸುತ್ತು ತಿರುಗಿ ನಡುವಿಗೆ ಬಂದರು. "ಈಕೆ ಹೊರಗಿನಿಂದ ಒಳಗೆ ಬಂದಿದ್ದಾಳೆ, ಅಲ್ವಾ?" ಅಂದರು. ನಮ್ಮಜ್ಜಿ ಹೊಲಿಯುತ್ತಿದ್ದದ್ದೇ ಹಾಗೆ. ಆಕೆಯ ಮುಖ ನೋಡದೆ, ಭಾಷೆ ತಿಳಿಯದೆ, ಬೆರಳಿನಿಂದಲೇ ಅದನ್ನು ಓದಿದರು. ಅವತ್ತೇ ನಾನು ಸದಸ್ಯಳಾದೆ.

ಹರಿದ ಖಣ ಕಿತ್ತು ಬೇರೆ ಹಾಕೋಣ ಅಂದೆ. ಅವರು ಒಪ್ಪಲಿಲ್ಲ. ಬಣ್ಣಕ್ಕೆ ಹೊಂದುವ ತೆಳುವಾದ ಬಲೆಬಟ್ಟೆ, ಇಲ್ಲಿ ಟ್ಯೂಲ್ ಅನ್ನುತ್ತಾರೆ, ಅದನ್ನು ಹರಿದ ತೇಪೆಯ ಮೇಲಿಟ್ಟು ಸುತ್ತ ಸಣ್ಣ ಹೊಲಿಗೆ ಹಾಕಿಸಿದರು. ಹಳೇ ಬಟ್ಟೆ ಹಾಗೇ ಉಳಿಯುತ್ತದೆ, ಎಳೆಗಳು ಇನ್ನೂ ಬಿಚ್ಚಿಕೊಳ್ಳುವುದಿಲ್ಲ. ಏಳು ತೇಪೆಗೆ ಆರು ಶನಿವಾರ ಬೇಕಾಯಿತು. ಊರಿಂದ ಕೌದಿ ತಂದವರು ಇನ್ನೆರಡು ಮಾತು ನೆನಪಿಡಿ. ಒದ್ದೆ ಕೌದಿಯನ್ನು ಹಗ್ಗಕ್ಕೆ ಹಾಕಬೇಡಿ, ನೀರಿನ ಭಾರಕ್ಕೇ ಹೊಲಿಗೆ ಹರಿಯುತ್ತದೆ. ಹಾಸಿ ಒಣಗಿಸಿ. ಎತ್ತಿಡುವಾಗ ಪ್ಲಾಸ್ಟಿಕ್ ಚೀಲ ಬೇಡ, ಹಳೇ ಹತ್ತಿ ಬಟ್ಟೆಯಲ್ಲಿ ಸುತ್ತಿ. ಆಗಾಗ ಮಡಿಕೆ ಬದಲಾಯಿಸಿ.

ಗಿಲ್ಡ್‌ನಲ್ಲಿ ಏನು ನಡೆಯುತ್ತದೆ ಅಂತ ಕೇಳುತ್ತೀರಿ. ನಮ್ಮಲ್ಲಿ ತಿಂಗಳಿಗೊಂದು ಸಭೆ, ಎರಡನೇ ಸೋಮವಾರ ಸಂಜೆ. ಯಾರಾದರೂ ಒಬ್ಬರು ಮಾತಾಡುತ್ತಾರೆ ಅಥವಾ ಹೊಲಿದು ತೋರಿಸುತ್ತಾರೆ. ಕೊನೆಗೆ ಶೋ ಅಂಡ್ ಟೆಲ್. ಒಬ್ಬೊಬ್ಬರಾಗಿ ತಾವು ಮುಗಿಸಿದ್ದನ್ನು ಎತ್ತಿ ಹಿಡಿದು ಯಾರಿಗಾಗಿ ಹೊಲಿದೆ ಅಂತ ಹೇಳುತ್ತಾರೆ. ಮೊಮ್ಮಗಳ ಮದುವೆಗೆ, ಪಕ್ಕದ ಮನೆಯವರ ಕೀಮೋಗೆ, ತೀರಿಕೊಂಡ ಗಂಡನ ಅಂಗಿಗಳಿಂದ. ನನಗೆ ಇದೊಂದು ಅರ್ಧ ಗಂಟೆ ಸಾಕು, ಹೋಗಿದ್ದು ಸಾರ್ಥಕ. ಇದಲ್ಲದೆ ಶನಿವಾರಗಳಲ್ಲಿ ಎಲ್ಲರೂ ಮಷಿನ್ ಹೊತ್ತು ತಂದು ಒಟ್ಟಿಗೆ ಹೊಲಿಯುವುದಿದೆ. ಅಲ್ಲಿ ಹೊಲಿಯುವುದರಲ್ಲಿ ದಾನಕ್ಕೆ ಹೋಗುವುದೇ ಜಾಸ್ತಿ. ಆಸ್ಪತ್ರೆಯಲ್ಲಿರುವ, ಕಷ್ಟದಲ್ಲಿರುವ ಮಕ್ಕಳಿಗೆ ಪ್ರಾಜೆಕ್ಟ್ ಲೈನಸ್ ಮೂಲಕ, ಮಾಜಿ ಸೈನಿಕರಿಗೆ ಕ್ವಿಲ್ಟ್ಸ್ ಆಫ್ ವ್ಯಾಲರ್ ಮೂಲಕ. ಎರಡೂ ದೇಶದ ತುಂಬ ಇರುವ ಸಂಸ್ಥೆಗಳು. ಮೊದಲನೆಯದು 1995ರಲ್ಲಿ, ಎರಡನೆಯದು 2003ರಲ್ಲಿ ಶುರುವಾದವು.

ಈಗ ಮಕ್ಕಳ ವಿಷಯಕ್ಕೆ ಬರುತ್ತೇನೆ.

ನನ್ನ ಮಗಳಿಗೆ ಆಗ ಎಂಟು ವರ್ಷ. ಬೆರಳಿನಿಂದ ಕೌದಿ ಓದಿದ ಅದೇ ಅಜ್ಜಿ ಅವಳಿಗೆ ಕಲಿಸಿದ ಮೊದಲ ನಮೂನೆ ನೈನ್ ಪ್ಯಾಚ್. ಒಂಬತ್ತು ಚೌಕ, ಸಾಲಿಗೆ ಮೂರು. ಮೂರೂವರೆ ಇಂಚಿನ ಚೌಕ ಕತ್ತರಿಸಿ, ಕಾಲಿಂಚು ಅಂಚು ಬಿಟ್ಟು ಹೊಲಿದಳು. ಮುಗಿಸಿ ಅಳೆದರೆ ಒಂಬತ್ತೂವರೆ ಇಂಚು. ಅವಳು ಲೆಕ್ಕ ಹಾಕಿದ್ದು ಹತ್ತೂವರೆ. "ಒಂದಿಂಚು ಎಲ್ಲಿ ಹೋಯ್ತು?" ಅಂತ ಕಣ್ಣು ತುಂಬಿಕೊಂಡಳು. ಅಜ್ಜಿ ಉತ್ತರ ಹೇಳಲಿಲ್ಲ, ಬಟ್ಟೆ ತಿರುಗಿಸಿ ಕೊಟ್ಟರು ಅಷ್ಟೇ. ಹಿಂದುಗಡೆ ಎರಡು ಹೊಲಿಗೆ, ಒಂದೊಂದು ಹೊಲಿಗೆಗೆ ಎರಡೂ ಕಡೆ ಕಾಲು ಕಾಲಿಂಚು ಮಡಚಿ ಕೂತಿತ್ತು. ಮಗಳು ಬೆರಳಿಟ್ಟು ಎಣಿಸಿದಳು: ಕಾಲು, ಅರ್ಧ, ಮುಕ್ಕಾಲು, ಒಂದು. ಶಾಲೆಯಲ್ಲಿ ಭಿನ್ನರಾಶಿ ಬಂದಾಗ ನಾನು ಅವಳ ಪಕ್ಕ ಕೂರಬೇಕಾಗಲೇ ಇಲ್ಲ.

ಗಂಡು ಹುಡುಗರಿಗೆ ಇದು ಆಗುತ್ತಾ ಅಂತ ಒಬ್ಬರು ಮೊನ್ನೆ ಫೋನಿನಲ್ಲಿ ಕೇಳಿದರು. ಖಂಡಿತ ಆಗುತ್ತದೆ. ಮಗನಿಗೀಗ ಏಳು. ಗಿಲ್ಡ್‌ನಲ್ಲಿ ರಿಟೈರ್ ಆದ ಒಬ್ಬ ಎಂಜಿನಿಯರ್ ಇದ್ದಾರೆ. ಅವರ ಹತ್ತಿರ ಲಾಂಗ್‌ಆರ್ಮ್ ಮಷಿನ್ ಇದೆ, ಸುಮಾರು ಒಂದು ಕೋಣೆಯಷ್ಟು ಉದ್ದದ ಚೌಕಟ್ಟು. ಕ್ವಿಲ್ಟಿನ ಮೂರು ಪದರ (ಮೇಲಿನ ಬಟ್ಟೆ, ನಡುವಿನ ಹತ್ತಿ, ಹಿಂದಿನ ಬಟ್ಟೆ) ಸೇರಿಸಿ ಹೊಲಿಯುವ ಯಂತ್ರ. ಮಗ ಅವರ ಬಾಲ ಆಗಿಬಿಟ್ಟಿದ್ದಾನೆ. ಬಟ್ಟೆ ಕತ್ತರಿಸುವ ರೋಟರಿ ಕಟರ್ ಮಾತ್ರ ಅವನಿಗೆ ಕೊಡುವುದಿಲ್ಲ. ಅದು ಪಿಜ್ಜಾ ಕಟರ್ ತರಹ ಕಂಡರೂ ಬ್ಲೇಡಿನಷ್ಟು ಹರಿತ. ದೊಡ್ಡವರಿಗೂ ಒಂದೇ ನಿಯಮ: ಕೆಳಗಿಡುವ ಮೊದಲು ಪ್ರತಿ ಸಲ ಮುಚ್ಚಬೇಕು.

ನಾನು ಎಣಿಸಿರದ ಇನ್ನೊಂದು ಲಾಭ ಕನ್ನಡ. ಭಾನುವಾರದ ಕನ್ನಡ ಕ್ಲಾಸಿಗೆ ಮಗಳನ್ನು ಎಳೆದುಕೊಂಡು ಹೋಗಬೇಕಿತ್ತು. ಕೌದಿ ರಿಪೇರಿಗೆ ಕೂತಾಗ ಮಾತು ತಾನಾಗಿ ಬಂತು. ಸೂಜಿ, ದಾರ, ತೇಪೆ, ಸೆರಗು, ಮಡಿಕೆ, ಅಸ್ತರು. ಇಳಕಲ್ ಸೀರೆಯ ಸೆರಗಿನಲ್ಲಿರುವುದನ್ನು ಜೋಳದ ತೆನೆ ಅಂತ ತೋರಿಸಿದರೆ, ತೆನೆ ಅಂದ್ರೇನು ಅಂತ ಕೇಳಿದಳು. ಆಮೇಲೆ ಊರಲ್ಲಿರುವ ನನ್ನ ಅವ್ವನಿಗೆ ಫೋನ್ ಮಾಡಿ ಹೊಲ, ರಾಶಿ, ಕಣ ಎಲ್ಲಾ ಕೇಳಿಕೊಂಡಳು. ವಿಡಿಯೋ ಕಾಲ್‌ನಲ್ಲಿ "ಊಟ ಆಯ್ತಾ" ಬಿಟ್ಟು ಬೇರೇನೂ ಮಾತಿರದ ಇಬ್ಬರಿಗೆ ಮಾತಾಡಲು ಒಂದು ವಿಷಯ ಸಿಕ್ಕಿತು.

ಇಲ್ಲಿ ಪ್ರತಿ ಕ್ವಿಲ್ಟಿನ ಹಿಂದೆ ಒಂದು ಲೇಬಲ್ ಹೊಲಿಯುತ್ತಾರೆ. ಯಾರು ಹೊಲಿದರು, ಎಲ್ಲಿ, ಯಾವಾಗ, ಯಾರಿಗೆ. ನಮ್ಮಜ್ಜಿಯ ಕೌದಿಗೆ ಅದು ಇರಲಿಲ್ಲ. ಮಗಳು ಬಿಳಿ ಬಟ್ಟೆಯ ಮೇಲೆ ಕನ್ನಡದಲ್ಲೇ ಅಜ್ಜಿಯ ಹೆಸರು, ಊರು ಬರೆದು ಕಸೂತಿ ಮಾಡಿದಳು. ನಮ್ಮ ಅಕ್ಷರ ಎಲ್ಲಾ ದುಂಡು. ಹೊಲಿಗೆ ಸ್ವಲ್ಪ ದೊಡ್ಡದಾದರೂ ದುಂಡು ಹೋಗಿ ಮೂಲೆ ಬರುತ್ತದೆ. "ಳ" ಒಂದನ್ನೇ ಮೂರು ಸಲ ಬಿಚ್ಚಿದಳು. ಈಗ ಅವಳ ಬರವಣಿಗೆಯಲ್ಲಿ "ಳ" ಅಷ್ಟು ಚೆಂದ ಬೇರಾವ ಅಕ್ಷರವೂ ಇಲ್ಲ.

ಹೋದ ವರ್ಷ ಸಭೆಯಲ್ಲಿ ಕೌದಿಯ ಬಗ್ಗೆ ಮಾತಾಡಲು ನನ್ನನ್ನು ಕರೆದರು. ನಮ್ಮದರ ಜೊತೆ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಣ್ಣುಮಕ್ಕಳ ಕೌದಿಯ ಚಿತ್ರಗಳನ್ನೂ ತೋರಿಸಿದೆ. ಅವರ ಹಿರಿಯರು ಆಫ್ರಿಕಾದವರು. ಪೋರ್ಚುಗೀಸರು ಗುಲಾಮರಾಗಿ ಗೋವಾಕ್ಕೆ ತಂದವರಲ್ಲಿ ತಪ್ಪಿಸಿಕೊಂಡ ಎಷ್ಟೋ ಜನ ಘಟ್ಟದ ಕಾಡು ಸೇರಿದರು. ಅವರ ಕೌದಿಯ ಮೂಲೆಗಳಲ್ಲಿ ಬಟ್ಟೆಯನ್ನು ತ್ರಿಕೋನವಾಗಿ ಮಡಚಿ ಹೊಲಿದ "ಫುಲ" ಇರುತ್ತದೆ. ಅದಿಲ್ಲದಿದ್ದರೆ ಕೌದಿ ಬೆತ್ತಲೆ ಅನ್ನುತ್ತಾರೆ. 2011ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿರುವ ಶೋಂಬರ್ಗ್ ಸೆಂಟರ್‌ನಲ್ಲಿ ಇವುಗಳ ಪ್ರದರ್ಶನವೂ ಆಗಿದೆ. ಊರಲ್ಲಿದ್ದಾಗ ಇದೊಂದೂ ನನಗೆ ಗೊತ್ತಿರಲಿಲ್ಲ. ನಮ್ಮೂರಿಂದ ಮೂರು ತಾಸಿನ ದಾರಿ ಕೂಡ ಇಲ್ಲ, ಒಮ್ಮೆಯೂ ಹೋಗಿ ನೋಡಲಿಲ್ಲವಲ್ಲ ಅಂತ ಈಗ ಸಂಕಟ ಆಗುತ್ತದೆ.

ಮಾತು ಮುಗಿದ ಮೇಲೆ ಒಬ್ಬರು ಪರ್ಸಿನಿಂದ ಹಳೇ ಅಂಚೆಚೀಟಿಯ ಹಾಳೆ ತೆಗೆದು ತೋರಿಸಿದರು. ಅಲಬಾಮಾದ ಗೀಸ್ ಬೆಂಡ್ ಎಂಬ ಹಳ್ಳಿಯ ಕಪ್ಪು ಹೆಣ್ಣುಮಕ್ಕಳು ಹೊಲದ ಕೆಲಸದ ಹಳೇ ಪ್ಯಾಂಟು, ಅಂಗಿಗಳಿಂದ ಹೊಲಿದ ಕ್ವಿಲ್ಟುಗಳು. 2002ರಲ್ಲಿ ಹ್ಯೂಸ್ಟನ್ನಿನ ಕಲಾ ಮ್ಯೂಸಿಯಂನಲ್ಲಿ ಪ್ರದರ್ಶನವಾಗಿ, 2006ರಲ್ಲಿ ಅಂಚೆಚೀಟಿಗೂ ಬಂದವು. ಅಳತೆಗೋಲು ಹಿಡಿಯದ ಸೊಟ್ಟ ಪಟ್ಟಿಗಳು, ಗಾಢ ಬಣ್ಣ. ಸಿದ್ದಿ ಕೌದಿಯ ಚಿತ್ರದ ಪಕ್ಕ ಆ ಹಾಳೆ ಇಟ್ಟು ಎಲ್ಲರೂ ಬಗ್ಗಿ ಬಗ್ಗಿ ನೋಡಿದೆವು.

ಅವತ್ತು ಇನ್ನೊಂದು ಹೇಳಿದ್ದೆ. ಕೊನೆಯ ತೇಪೆ ಮುಚ್ಚುವ ಮೊದಲು ನಮ್ಮಜ್ಜಿ ಒಳಗೆ ಒಂದು ಚೂರು ಚಪಾತಿ ಇಡುತ್ತಿದ್ದಳು. "ಕೌದಿ ಹಸಿದಿರಬಾರದವ್ವಾ" ಅನ್ನುತ್ತಿದ್ದಳು. ಮುಂದಿನ ತಿಂಗಳು ಆ ಎಂಬತ್ತೆರಡರ ಅಜ್ಜಿ (ಈಗ ಎಂಬತ್ತಾರು) ಆಸ್ಪತ್ರೆಯ ಮಗುವೊಂದಕ್ಕೆ ಸಣ್ಣ ಕ್ವಿಲ್ಟ್ ಹೊಲಿದು ತಂದರು. ಆಸ್ಪತ್ರೆಗೆ ಹೋಗುವ ಬಟ್ಟೆ, ತಿನ್ನುವುದನ್ನು ಒಳಗಿಡುವ ಹಾಗಿಲ್ಲ. ಅದಕ್ಕೆ ನಡುವಿನ ತೇಪೆಯ ಮೇಲೆ ಹಳದಿ ದಾರದಲ್ಲಿ ಪುಟ್ಟದಾಗಿ ಒಂದು ದುಂಡನೆಯ ರೊಟ್ಟಿ ಕಸೂತಿ ಮಾಡಿದ್ದರು.

ಲಿಂಕನ್‌ನಲ್ಲಿದ್ದೂ ಇಂಟರ್‌ನ್ಯಾಷನಲ್ ಕ್ವಿಲ್ಟ್ ಮ್ಯೂಸಿಯಂ ನೋಡದವರು ನಮ್ಮ ಗುಂಪಿನಲ್ಲೇ ತುಂಬಾ ಇದ್ದಾರೆ. ದಯವಿಟ್ಟು ಹೋಗಿ. 1997ರಲ್ಲಿ ಒಬ್ಬ ದಂಪತಿ ವಿಶ್ವವಿದ್ಯಾಲಯಕ್ಕೆ ಕೊಟ್ಟ ಸುಮಾರು 950 ಕ್ವಿಲ್ಟುಗಳಿಂದ ಶುರುವಾಗಿ, 2008ರಿಂದ ಸ್ವಂತ ಕಟ್ಟಡದಲ್ಲಿದೆ. ಅವರ ಸಂಗ್ರಹದಲ್ಲಿ ಬಂಗಾಳದ "ಕಾಂಥಾ", ಸಿಂಧ್ ಕಡೆಯ "ರಲ್ಲಿ" ಎಂಬ ಕೌದಿಗಳು ಕೂಡ ಇವೆ.

ಕೇಳಿದ ಪ್ರಶ್ನೆಗಳಿಗೆ ಬೇಗ ಬೇಗ ಉತ್ತರಿಸುತ್ತೇನೆ. ಚರ್ಚಿನಲ್ಲಿ ಸಭೆ ಅಂದರೆ ಧರ್ಮದ ಮಾತೇನಿಲ್ಲ, ಬಾಡಿಗೆಗೆ ದೊಡ್ಡ ಹಾಲ್ ಸಿಗುತ್ತದೆ ಅಷ್ಟೇ. ನಮ್ಮ ಗಿಲ್ಡ್‌ಗೆ ವರ್ಷಕ್ಕೆ 35 ಡಾಲರ್, ಮಕ್ಕಳಿಗೆ ಹಣ ಇಲ್ಲ. ಮೊದಲ ಸಲ ಸುಮ್ನೆ ಬಂದು ಕೂರಬಹುದು. ಹೊಲಿಗೆ ಬರಬೇಕು ಅಂತಿಲ್ಲ. ಬಟ್ಟೆ ದುಬಾರಿ, ನಿಜ. ಜೋಆನ್ ಅಂಗಡಿಗಳು 2025ರಲ್ಲಿ ಮುಚ್ಚಿದ ಮೇಲೆ ಹತ್ತಿರದಲ್ಲಿ ಸಿಗುವುದೂ ಕಡಿಮೆಯಾಗಿದೆ. ಆದರೆ ಪ್ರತಿ ಸಭೆಯಲ್ಲೂ ಬಾಗಿಲ ಬಳಿ ಉಚಿತ ಬಟ್ಟೆಯ ಮೇಜು ಇರುತ್ತದೆ, ಹೊಸಬರು ಒಂದು ವರ್ಷ ಅದರಲ್ಲೇ ಹೊಲಿಯಬಹುದು. "ನಮ್ಮನ್ನು ಸೇರಿಸಿಕೊಳ್ಳುತ್ತಾರಾ?" ಅಂತ ಕೇಳಿದವರಿಗೆ: ಮೊದಲ ಎರಡು ಸಭೆ ಸ್ವಲ್ಪ ಬಿಗುವು ಅನಿಸುತ್ತದೆ. ಅವರಿಗೂ ಏನು ಮಾತಾಡಬೇಕೋ ಗೊತ್ತಿರುವುದಿಲ್ಲ. ಕೈಯಲ್ಲೊಂದು ಬಟ್ಟೆ ಹಿಡಿದುಕೊಂಡು ಹೋಗಿ. ಮಾತು ಅಲ್ಲಿಂದ ಶುರುವಾಗುತ್ತದೆ.

ಇನ್ನು ಮುಂದಿನ ಕಾರ್ಯಕ್ರಮಗಳು. ಮಾರ್ಚ್ ಮೂರನೇ ಶನಿವಾರ ಇಲ್ಲೆಲ್ಲ ರಾಷ್ಟ್ರೀಯ ಕ್ವಿಲ್ಟಿಂಗ್ ದಿನ. ಅವತ್ತು ಬೆಳಿಗ್ಗೆ ಹತ್ತರಿಂದ ಮೂರರವರೆಗೆ ನಮ್ಮ ಗಿಲ್ಡ್ ಮಕ್ಕಳಿಗೆ ದಿಂಬಿನ ಚೀಲ ಹೊಲಿಯಲು ಕಲಿಸುತ್ತದೆ. ಒಂದು ತಮಗೆ, ಒಂದು ಮಕ್ಕಳ ಆಸ್ಪತ್ರೆಗೆ. ಒಂದೊಂದು ಮಗುವಿನ ಪಕ್ಕ ಒಬ್ಬ ಹಿರಿಯರು ಕೂರುತ್ತಾರೆ. ಏಪ್ರಿಲ್‌ನಲ್ಲಿ ಕೆಂಟಕಿಯ ಪಡೂಕಾಗೆ ಬಸ್ಸಿದೆ, ದಾರಿ ಒಂಬತ್ತು ಹತ್ತು ತಾಸು. ಅಲ್ಲಿ ಪ್ರತಿ ವರ್ಷ ಕ್ವಿಲ್ಟ್‌ವೀಕ್ ಎಂಬ ದೊಡ್ಡ ಕ್ವಿಲ್ಟ್ ಪ್ರದರ್ಶನ ನಡೆಯುತ್ತದೆ, 1991ರಿಂದ ಇರುವ ರಾಷ್ಟ್ರೀಯ ಕ್ವಿಲ್ಟ್ ಮ್ಯೂಸಿಯಂ ಕೂಡ ಅಲ್ಲೇ. ಸಣ್ಣ ಮಕ್ಕಳಿಗೆ ಅಷ್ಟು ದೂರ ಕಷ್ಟ, ದೊಡ್ಡವರು ಯೋಚಿಸಿ. ಬೇಸಿಗೆ ರಜೆಯಲ್ಲಿ ನಾನೇ ನಾಲ್ಕು ಶನಿವಾರ ಕೌದಿ ಹೊಲಿಗೆ ಕಲಿಸುತ್ತೇನೆ. ಬರೀ ಕೈಹೊಲಿಗೆ, ಮಷಿನ್ ಬೇಡ. ನಮ್ಮ ಗಿಲ್ಡ್‌ನ ಅಕ್ಟೋಬರ್ ಕ್ವಿಲ್ಟ್ ಪ್ರದರ್ಶನದಲ್ಲಿ ಮಕ್ಕಳಿಗೆ ಬೇರೆ ವಿಭಾಗ ಇದೆ. ಅಲ್ಲಿ ತೂಗುಹಾಕಬೇಕಾದರೆ ಕ್ವಿಲ್ಟಿನ ಹಿಂದೆ ಕೋಲು ತೂರಿಸಲು ನಾಲ್ಕು ಇಂಚಿನ ತೋಳು ಹೊಲಿದಿರಬೇಕು. ಇದನ್ನು ಹೊಸಬರು ಮರೆಯುತ್ತಾರೆ.

ಮಾರ್ಚ್ ಶನಿವಾರಕ್ಕೆ ಬರುವವರು ಇಲ್ಲೇ ಮಕ್ಕಳ ವಯಸ್ಸು ಬರೆಯಿರಿ, ಅಷ್ಟು ಕುರ್ಚಿ ಹಿಡಿಯುತ್ತೇನೆ. ನನ್ನ ಹತ್ತಿರ ಎರಡು ಮಷಿನ್ ಇವೆ, ತರುತ್ತೇನೆ. ಏಪ್ರಿಲ್ ಒಳಗೆ ಊರಿಂದ ಯಾರಾದರೂ ಬರುವವರಿದ್ದರೆ ಹಳೇ ಖಣ, ಹರಿದ ಹತ್ತಿ ಸೀರೆ ತರಲು ಹೇಳಿ. ಹೊಸದು ಬೇಡ, ಸೂಜಿ ಸಲೀಸಾಗಿ ಇಳಿಯುವುದಿಲ್ಲ.